‘ಒಸಿ ಬಾರ್ಡರ್‌ನಲ್ಲೈತೆ’ ಅಂದರೆ ಎಷ್ಟು?

ಪ್ರಶ್ನೆ: ನನಗೆ 41 ವರ್ಷ. ಊರು ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ಮೈಸೂರಿನ ಕಚೇರಿಯೊಂದರಲ್ಲಿ ಗುಮಾಸ್ತನ ಕೆಲಸ, ದಿನಾ ರೈಲಿನಲ್ಲಿ ಓಡಾಟ. ಊರಿನಲ್ಲಿ ನಡೆದ ಆರೋಗ್ಯ ಶಿಬಿರದಲ್ಲಿ ಬೆರಳು ಚುಚ್ಚಿ ನೋಡಿದಾಗ 162 ಬಂತು. ಆಮೇಲೆ ಲ್ಯಾಬಿನಲ್ಲಿ ಮಾಡಿಸಿದರೆ ಖಾಲಿ ಹೊಟ್ಟೆಯಲ್ಲಿ 112, ಎಚ್‌ಬಿಎ1ಸಿ 6.1. ಎತ್ತರ 5 ಅಡಿ 6 ಅಂಗುಲ, ತೂಕ 66 ಕೆ.ಜಿ., ಹೊಟ್ಟೆ ಸುತ್ತಳತೆ 94 ಸೆಂ.ಮೀ. ಅಮ್ಮನಿಗೆ ಶುಗರ್ ಇದೆ. ಅಪ್ಪ ಜೀವನವೆಲ್ಲ ಮುದ್ದೆ ಉಂಡು 82 ವರ್ಷ ಗಟ್ಟಿಯಾಗಿ ಬದುಕಿದರು. ನಾನೂ ಮುದ್ದೆಯನ್ನೇ ಉಣ್ಣುತ್ತೇನೆ, ಕಾಫಿಗೂ ಬೆಲ್ಲವನ್ನೇ ಹಾಕುತ್ತೇನೆ. ನನ್ನ ಹೆಂಡತಿಗೆ 36 ವರ್ಷ. ಎರಡನೇ ಮಗು ಹೊಟ್ಟೆಯಲ್ಲಿದ್ದಾಗ ಶುಗರ್ ಬಂದು, ಹೆರಿಗೆಯಾದ ಮೇಲೆ ಹೋಯಿತು. ಆ ಮಗುವಿಗೆ ಈಗ 6 ವರ್ಷ. ಈ ಕಾಯಿಲೆ ನಿಜವಾಗಿ ಎಷ್ಟು ಜನರಿಗಿದೆ? ದಪ್ಪ ಇಲ್ಲದ, ಮುದ್ದೆ ಉಣ್ಣುವ ನನಗೆ ಹೇಗೆ ಬಂತು? ‘ಬಾರ್ಡರ್’ ಅಂದರೆ ಕಾಯಿಲೆಯೋ ಅಲ್ಲವೋ?

ಉತ್ತರ: “ಬುಡಿ ಸಾರ್, ಒಸಿ ಬಾರ್ಡರ್‌ನಲ್ಲೈತೆ ಅಷ್ಟೇಯ.” ಮಂಡ್ಯದಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ರೋಗಿಗಳನ್ನು ನೋಡುತ್ತಿರುವ ನನಗೆ ಈ ಮಾತು ಕಿವಿಗೆ ಬೀಳದ ದಿನವಿಲ್ಲ. ಹೇಳುವವರ ಮುಖದಲ್ಲಿ 35 ಅಂಕ ತೆಗೆದು ಪಾಸಾದ ಹುಡುಗನ ನೆಮ್ಮದಿ ಇರುತ್ತದೆ. ನಿಮ್ಮ ಪತ್ರದಲ್ಲಿ ಆ ನೆಮ್ಮದಿ ಕಾಣಲಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ರಿಪೋರ್ಟು. ಶಿಬಿರದ 162 ಅನ್ನು ಅಲ್ಲಿಗೇ ಬಿಡಿ. ತಿಂಡಿ ತಿಂದು ಎಷ್ಟು ಹೊತ್ತಾಗಿತ್ತು, ಬೆರಳಿಗೆ ಏನು ಅಂಟಿತ್ತು ಎಂಬುದರ ಮೇಲೆಲ್ಲ ಅದು ಏರಿಳಿಯುತ್ತದೆ. ಲ್ಯಾಬಿಗೆ ಹೋಗಿ ಎಂದು ನಿಮ್ಮನ್ನು ಎಬ್ಬಿಸುವುದಷ್ಟೇ ಅದರ ಕೆಲಸ, ಅದನ್ನು ಅದು ಮಾಡಿದೆ. ಖಾಲಿ ಹೊಟ್ಟೆಯ ಸಕ್ಕರೆ 126 ಮುಟ್ಟಿದರೆ ಮಧುಮೇಹ. ಅದರ ಕೆಳಗೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 110ರಿಂದ 125, ಅಮೆರಿಕದ ಮಧುಮೇಹ ಸಂಘದ ಲೆಕ್ಕದಲ್ಲಿ 100ರಿಂದಲೇ ಮಧುಮೇಹಪೂರ್ವ ಸ್ಥಿತಿ. ಎಚ್‌ಬಿಎ1ಸಿ ಅಂದರೆ ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಲೆಕ್ಕ. ಅದು 5.7ರಿಂದ 6.4ರವರೆಗೆ ಇದ್ದರೆ ಇದೇ ಸ್ಥಿತಿ, 6.5 ಮುಟ್ಟಿದರೆ ಮಧುಮೇಹ. ನಿಮ್ಮ 112 ಮತ್ತು 6.1 ಎರಡೂ ಒಂದೇ ಮಾತು ಹೇಳುತ್ತಿವೆ. ಯಾವ ಲೆಕ್ಕ ಹಿಡಿದರೂ ನೀವು ಮಧುಮೇಹಪೂರ್ವ ಸ್ಥಿತಿಯಲ್ಲೇ, ಅಂದರೆ ‘ಬಾರ್ಡರ್’ನಲ್ಲೇ ಇದ್ದೀರಿ.

ಎಷ್ಟು ಜನ ಎಂದು ಕೇಳಿದ್ದೀರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಜೊತೆ ಸೇರಿ ‘ಇಂಡಿಯಾಬ್’ ಎಂಬ ಸಮೀಕ್ಷೆ ನಡೆಸಿತು. 2008ರಿಂದ 2020ರವರೆಗೆ ಹಂತಹಂತವಾಗಿ ದೇಶದ ಎಲ್ಲ ರಾಜ್ಯಗಳನ್ನೂ ಸುತ್ತಿ, 20 ವರ್ಷ ದಾಟಿದ 1.13 ಲಕ್ಷ ಜನರನ್ನು ಪರೀಕ್ಷಿಸಿದ ಕೆಲಸ ಅದು. ಪೂರ್ತಿ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ವಯಸ್ಕರಲ್ಲಿ ಶೇ 11.4 ಮಂದಿಗೆ ಮಧುಮೇಹ, ಶೇ 15.3 ಮಂದಿಗೆ ಮಧುಮೇಹಪೂರ್ವ ಸ್ಥಿತಿ. ತಲೆ ಲೆಕ್ಕದಲ್ಲಿ 10.1 ಕೋಟಿ ಮತ್ತು 13.6 ಕೋಟಿ. ರಾಜ್ಯಗಳ ನಡುವೆ ಅಂತರ ಬಹಳ: ಗೋವಾದಲ್ಲಿ ಶೇ 26.4, ಉತ್ತರ ಪ್ರದೇಶದಲ್ಲಿ ಶೇ 4.8.

ಕೋಟಿಗಳು ತಲೆಗೆ ಹತ್ತುವುದಿಲ್ಲ. ಮದ್ದೂರಿನಿಂದ ಮೈಸೂರಿಗೆ ಹೊರಟ ಬಸ್ಸಿನಲ್ಲಿ ಸೀಟಿನವರು, ನಿಂತವರು ಎಲ್ಲ ಸೇರಿ 60 ಜನ ದೊಡ್ಡವರು ಇದ್ದಾರೆ ಅಂದುಕೊಳ್ಳಿ. ದೇಶದ ಸರಾಸರಿಯಂತೆ ಅವರಲ್ಲಿ ಏಳು ಮಂದಿಗೆ ಮಧುಮೇಹ, ಒಂಬತ್ತು ಮಂದಿ ನಿಮ್ಮ ಹಾಗೆ ‘ಬಾರ್ಡರ್’. ಶ್ರೀರಂಗಪಟ್ಟಣ ದಾಟುವಾಗ ಕಂಡಕ್ಟರ್ ‘ಶುಗರ್ ಇರೋರು ಕೈ ಎತ್ತಿ’ ಅಂದರೆ ಹದಿನಾರು ಕೈ ಮೇಲೇಳುವುದಿಲ್ಲ, ನಾಲ್ಕೋ ಐದೋ ಏಳಬಹುದು. ಮಧುಮೇಹ ಇರುವವರಲ್ಲೇ ಬಹಳಷ್ಟು ಜನಕ್ಕೆ ತಮಗೆ ಇದೆ ಎಂದು ಗೊತ್ತಿರುವುದಿಲ್ಲ. ಬಾರ್ಡರ್‌ನವರಿಗಂತೂ ಬಾಯಾರಿಕೆ, ಸುಸ್ತು, ಪದೇ ಪದೇ ಮೂತ್ರ ಯಾವುದೂ ಇರುವುದಿಲ್ಲ. ನಿಮ್ಮನ್ನು ಹೊರಗೆ ಎಳೆದದ್ದು ಒಂದು ಶಿಬಿರ. ಅದು ನಿಮ್ಮೂರಿಗೆ ಬಾರದೇ ಇದ್ದಿದ್ದರೆ ನೀವೂ ಕೈ ಎತ್ತುತ್ತಿರಲಿಲ್ಲ.

ಆ ಸಮೀಕ್ಷೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬೇರೆಯೇ ಒಂದು ಸಾಲು. ಮಧುಮೇಹ ಪಟ್ಟಣದಲ್ಲಿ ಶೇ 16.4, ಹಳ್ಳಿಯಲ್ಲಿ ಶೇ 8.9. ಹೆಚ್ಚೂ ಕಡಿಮೆ ಅರ್ಧ. ಇದನ್ನು ನೋಡಿ ಹಳ್ಳಿಯವರು ಗೆದ್ದೆವು ಅಂದುಕೊಳ್ಳಬಹುದು. ಆದರೆ ಮಧುಮೇಹಪೂರ್ವ ಸ್ಥಿತಿ ಪಟ್ಟಣದಲ್ಲಿ ಶೇ 15.4, ಹಳ್ಳಿಯಲ್ಲಿ ಶೇ 15.2. ವ್ಯತ್ಯಾಸವೇ ಇಲ್ಲ. ಸಾವಿರ ಮಂದಿ ವಯಸ್ಕರಿರುವ ಊರಿನಲ್ಲಿ ಈಗಾಗಲೇ ಶುಗರ್ ಇರುವವರು 89, ಬಾಗಿಲ ಬಳಿ ನಿಂತವರು 152. ನಾಲೆಯ ತೂಬು ಇನ್ನೂ ಪೂರ್ತಿ ಎತ್ತಿಲ್ಲ, ನೀರು ಮಾತ್ರ ಬಂದು ನಿಂತಿದೆ. ನಿಮ್ಮ ಕಡೆ ಇದು ಈಚೆಗೆ ‘ಇಷ್ಟೊಂದು’ ಅನ್ನಿಸುತ್ತಿದ್ದರೆ ಅದು ನಿಮ್ಮ ಭ್ರಮೆಯಲ್ಲ, ಮುಂದಿನ ಹತ್ತು ವರ್ಷದಲ್ಲಿ ಇನ್ನೂ ಹೆಚ್ಚು ಅನ್ನಿಸಲಿದೆ.

ಈಗ ನಿಮ್ಮ ತಂದೆಯವರ ವಿಷಯ. ನನ್ನ ಬಳಿ ಬರುವ ಪ್ರತಿ ಎರಡನೆಯವರೂ ಈ ತಂದೆಯನ್ನು ಜೊತೆಗೆ ಕರೆತರುತ್ತಾರೆ. ಮುದ್ದೆ ಉಂಡರು, ಬೆಲ್ಲ ತಿಂದರು, ಏನೂ ಆಗಲಿಲ್ಲ. ಸರಿ. ಆದರೆ ಅವರು ಮುದ್ದೆ ಉಂಡು ಎಲ್ಲಿಗೆ ಹೋದರು? ಗದ್ದೆಗೆ. ಕೆಸರು ತುಳಿದು, ಬದು ಕಡಿದು, ಕಬ್ಬಿನ ಹೊರೆ ಹೊತ್ತು, ನೀರು ಕಟ್ಟಲು ರಾತ್ರಿ ಎದ್ದು ಹೋದವರು. ನೀವು ಮುದ್ದೆ ಉಂಡು ಬೈಕಿನಲ್ಲಿ ಸ್ಟೇಷನ್ನಿಗೆ, ಅಲ್ಲಿಂದ ರೈಲಿನ ಸೀಟಿಗೆ, ಸೀಟಿನಿಂದ ಆಟೋಗೆ, ಆಟೋದಿಂದ ಕಚೇರಿಯ ಕುರ್ಚಿಗೆ. ಸಂಜೆ ಅದೇ ದಾರಿ ವಾಪಸ್ಸು. ತಟ್ಟೆ ಅಪ್ಪನದು, ಕಾಲು ನಿಮ್ಮವು. ಊರಿನಲ್ಲೇ ಉಳಿದ ನಿಮ್ಮ ಅಣ್ಣತಮ್ಮಂದಿರದೂ ಬೇರೆ ಕಥೆಯಲ್ಲ. ಉಳುವುದಕ್ಕೆ ಟ್ರ್ಯಾಕ್ಟರು, ಕೊಯ್ಲಿಗೆ ಯಂತ್ರ, ಹೊಲಕ್ಕೆ ಹೋಗಲು ಬೈಕು, ಮೋಟಾರು ಹಾಕಲು ಮೊಬೈಲು. ಹಳ್ಳಿಗೂ ಪಟ್ಟಣಕ್ಕೂ ಆ ಶೇ 15 ಒಂದೇ ಆದದ್ದು ಸುಮ್ಮನೆ ಅಲ್ಲ. ಯಂತ್ರ ಬರಬಾರದಿತ್ತು ಎಂದು ಹೇಳುತ್ತಿಲ್ಲ. ನಾಟಿ ಮಾಡಿ ಸೊಂಟ ಬಿದ್ದವರನ್ನು ನೋಡಿದ ನನಗೆ ಆ ಮಾತು ಬಾಯಿಗೆ ಬರುವುದಿಲ್ಲ.

‘ದಪ್ಪ ಇಲ್ಲದ ನನಗೆ’ ಅಂದಿದ್ದೀರಿ. ನಿಮ್ಮ ಎತ್ತರಕ್ಕೆ 66 ಕೆ.ಜಿ. ಅಂದರೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಸುಮಾರು 23.5. ಯುರೋಪಿನವರಿಗೆ ಇದು ಮೆಚ್ಚುವ ತೂಕ. ನಮ್ಮಂಥ ಏಷ್ಯಾದವರಿಗೆ 23 ದಾಟಿದರೆ ಹೆಚ್ಚಿನ ತೂಕ, 25 ದಾಟಿದರೆ ಬೊಜ್ಜು ಎಂದು ಲೆಕ್ಕ. ಕಾರಣ, ಅಷ್ಟೇ ತೂಕದ ಬಿಳಿಯನಿಗಿಂತ ನಮ್ಮ ಮೈಯಲ್ಲಿ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು. ಆ ಕೊಬ್ಬೂ ತೋಳಿನಲ್ಲಿ ತೊಡೆಯಲ್ಲಿ ಕೂರದೆ ಹೊಟ್ಟೆಯೊಳಗೆ, ಯಕೃತ್ತಿನ ಸುತ್ತ ಕೂರುತ್ತದೆ. ಕೈಕಾಲು ಕಡ್ಡಿ, ನಡುವೆ ಗುಡಾಣ ಎಂದು ನಮ್ಮವರು ನಗುವುದಿಲ್ಲವೇ, ಅದೇ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದ ಹೊಟ್ಟೆ ಅಪಾಯದ ಗುರುತು. ನಿಮ್ಮದು 94. ತೂಕದ ಯಂತ್ರ ನಿಮಗೆ ಸುಳ್ಳು ಹೇಳುತ್ತಿದೆ, ದರ್ಜಿಯ ಟೇಪು ನಿಜ ಹೇಳುತ್ತಿದೆ. (ಪ್ಯಾಂಟಿನ ಸೈಜು ನೋಡಿ ಹೇಳಬೇಡಿ. ಹೊಟ್ಟೆ ಬಂದವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ, ಸೈಜು ಇಪ್ಪತ್ತು ವರ್ಷವಾದರೂ ಬದಲಾಗುವುದಿಲ್ಲ.)

ಈ ಸಣಕಲು ಮೈಯ ಶುಗರಿನ ಬೇರು ಎಲ್ಲಿದೆ ಎಂದು ಹುಡುಕಿದ ಕೆಲಸದಲ್ಲಿ ಮೈಸೂರಿಗೆ ದೊಡ್ಡ ಪಾಲಿದೆ. ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ನಿಮ್ಮ ಹೆಂಡತಿಯ ವಿಷಯಕ್ಕೂ ಅದೇ ದಾರಿ.

ಮೈಸೂರಿನವರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೇ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆ ಸುತ್ತಳತೆ ಬರೆದಿಡುವ ಪದ್ಧತಿ ಇತ್ತು. ಆ ಹಳೆಯ ದಾಖಲೆಗಳು ಹಾಗೇ ಉಳಿದಿದ್ದವು. 1990ರ ದಶಕದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರು ಇಲ್ಲಿನವರೊಡನೆ ಸೇರಿ, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಇನ್ನೂ ಮೈಸೂರಿನಲ್ಲೇ ಇದ್ದ ಸುಮಾರು 500 ಮಂದಿಯನ್ನು ಪತ್ತೆ ಮಾಡಿ ಪರೀಕ್ಷಿಸಿದರು. ನಲವತ್ತು ಐವತ್ತು ವರ್ಷ ದಾಟಿದ ಆ ಜನರಲ್ಲಿ ಶೇ 15 ಮಂದಿಗೆ ಮಧುಮೇಹ ಇತ್ತು. ಇಂಗ್ಲೆಂಡಿನಲ್ಲಿ ಆ ಹೊತ್ತಿಗೆ ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ಮುಂದೆ ಮಧುಮೇಹ ಹೆಚ್ಚು ಎಂದು ಗೊತ್ತಾಗಿತ್ತು. ಇಲ್ಲಿ ಬೇರೆಯೇ ಕಂಡಿತು. ಉದ್ದದಲ್ಲಿ ಗಿಡ್ಡಗೆ, ಆ ಉದ್ದಕ್ಕೆ ಗುಂಡುಗುಂಡಾಗಿ ಹುಟ್ಟಿದವರಲ್ಲಿ, ತಾಯಿಯ ತೂಕ ಹೆಚ್ಚಿದ್ದವರಲ್ಲಿ ಮಧುಮೇಹ ಜಾಸ್ತಿ. ಆ ತಾಯಂದಿರಿಗೆ ಬಸುರಿನಲ್ಲಿ ಸಕ್ಕರೆ ಏರಿತ್ತೇ, ಅದು ಯಾರಿಗೂ ತಿಳಿಯದೆ ಮಗುವಿಗೆ ದಾಟಿತೇ ಎಂಬ ಪ್ರಶ್ನೆ ಎದ್ದಿತು. ಅರವತ್ತು ವರ್ಷದ ಹಿಂದೆ ತಕ್ಕಡಿಯಲ್ಲಿ ಕೂಸನ್ನು ಮಲಗಿಸಿ ಅಂಕಿ ಬರೆದ ಆ ದಾದಿಯರಿಗೆ ಇದು ಇಂಥದ್ದಕ್ಕೆ ಬರುತ್ತದೆ ಎಂದು ಕನಸಿನಲ್ಲೂ ಹೊಳೆದಿರಲಿಕ್ಕಿಲ್ಲ.

ಉತ್ತರ ಹುಡುಕಲು ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಬಸುರಿಯರನ್ನೇ ನೇರವಾಗಿ ಪರೀಕ್ಷಿಸಲಾಯಿತು. ಶೇ 6.2 ಮಂದಿಯಲ್ಲಿ ಗರ್ಭಾವಸ್ಥೆಯ ಮಧುಮೇಹ ಸಿಕ್ಕಿತು. ಹೆರಿಗೆಯಾಗಿ ಐದು ವರ್ಷಕ್ಕೆ ಆ ತಾಯಂದಿರನ್ನು ಮತ್ತೆ ಕರೆದು ನೋಡಿದರೆ ಶೇ 37 ಮಂದಿಗೆ ಮಧುಮೇಹ ಬಂದಿತ್ತು. ಬಸುರಿನಲ್ಲಿ ಸಕ್ಕರೆ ಏರದವರಲ್ಲಿ ಶೇ 2. ಅವರ ಮಕ್ಕಳಲ್ಲೂ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಚಿಕ್ಕ ವಯಸ್ಸಿಗೇ ಮೈಕೊಬ್ಬು ಹೆಚ್ಚಿತ್ತು.

ಈ 37 ಮತ್ತು 2ನ್ನು ಇನ್ನೊಮ್ಮೆ ಓದಿ. ಏಕೆಂದರೆ ನೀವು ನಿಮ್ಮ ಬಗ್ಗೆ ಒಂದು ಪುಟ ಬರೆದು, ಹೆಂಡತಿಯ ಬಗ್ಗೆ ಒಂದೇ ಸಾಲು ಬರೆದಿದ್ದೀರಿ: ‘ಹೆರಿಗೆಯಾದ ಮೇಲೆ ಹೋಯಿತು’. ನನ್ನ ದೃಷ್ಟಿಯಲ್ಲಿ ನಿಮ್ಮ ಪತ್ರದ ಅತಿ ಮುಖ್ಯ ಸಾಲು ಅದು. ಬಸುರಿನ ಆರು-ಏಳನೇ ತಿಂಗಳಲ್ಲಿ ಮಾಸು ಬಿಡುಗಡೆ ಮಾಡುವ ಹಾರ್ಮೋನುಗಳು ಇನ್ಸುಲಿನ್ನಿನ ಕೆಲಸವನ್ನು ತಡೆಯುತ್ತವೆ. ಆಗ ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿ ಹೆಚ್ಚು ದುಡಿಯಬೇಕು. ಕೆಲವರಲ್ಲಿ ಅದು ಸೋಲುತ್ತದೆ. ಮಾಸು ಬಿದ್ದ ಮೇಲೆ ಹೊರೆ ಇಳಿಯುತ್ತದೆ, ಸಕ್ಕರೆಯೂ ಇಳಿಯುತ್ತದೆ. ಆದರೆ ಆ ಗ್ರಂಥಿಯ ಕಸುವು ಎಷ್ಟು ಎಂಬುದು ಆ ಮೂರು ತಿಂಗಳಲ್ಲಿ ಬಯಲಾಗಿಬಿಟ್ಟಿರುತ್ತದೆ. ಹೆರಿಗೆಯಾಗಿ 6ರಿಂದ 12 ವಾರದೊಳಗೆ ಒಂದು ಸಲ, ಆಮೇಲೆ ವರ್ಷ ವರ್ಷವೂ ಪರೀಕ್ಷೆ ಮಾಡಿಸಬೇಕು. ಆರು ವರ್ಷದಲ್ಲಿ ಅವರಿಗೆ ಒಮ್ಮೆಯಾದರೂ ಮಾಡಿಸಿದಿರಾ? ನಿಮ್ಮನ್ನು ಮಾತ್ರ ದೂರುವುದು ನ್ಯಾಯವಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ‘ಕೂಸು ಆಯ್ತಲ್ಲವ್ವ, ಇನ್ನೇನು ಭಯವಿಲ್ಲ’ ಎಂದು ಎಷ್ಟೋ ಬಾಣಂತಿಯರನ್ನು ಕಳಿಸಿಬಿಟ್ಟಿದ್ದೇನೆ. ಅವರಲ್ಲಿ ಒಬ್ಬಾಕೆ ಏಳೆಂಟು ವರ್ಷದ ಮೇಲೆ ಕಣ್ಣು ಮಂಜು ಎಂದು ಬಂದರು. ಸಕ್ಕರೆ 300ರ ಮೇಲಿತ್ತು. ಹಳೆಯ ಚೀಟಿಯಲ್ಲಿ ನನ್ನದೇ ಕೈಬರಹ.

ಅಪಾಯದ ಅಂಶಗಳನ್ನು ಒಟ್ಟಿಗೆ ತೂಗಲು ಚೆನ್ನೈನ ಸಂಶೋಧಕರು 2005ರಲ್ಲಿ ಒಂದು ಸರಳ ಲೆಕ್ಕ ಕೊಟ್ಟರು. ರಕ್ತವೂ ಬೇಡ, ಸೂಜಿಯೂ ಬೇಡ. ವಯಸ್ಸು 35ರಿಂದ 49 ಆದರೆ 20 ಅಂಕ, 50 ದಾಟಿದರೆ 30. ಹೊಟ್ಟೆ ಗಂಡಸರಿಗೆ 90ರಿಂದ 99, ಹೆಂಗಸರಿಗೆ 80ರಿಂದ 89 ಸೆಂ.ಮೀ. ಇದ್ದರೆ 10, ಅದಕ್ಕೂ ಮೇಲಾದರೆ 20. ವ್ಯಾಯಾಮವೂ ಇಲ್ಲ, ಮೈಮುರಿಯುವ ಕೆಲಸವೂ ಇಲ್ಲ ಎಂದರೆ 30, ಎರಡರಲ್ಲಿ ಒಂದಿದ್ದರೆ 20. ತಂದೆ ತಾಯಿಯಲ್ಲಿ ಒಬ್ಬರಿಗೆ ಮಧುಮೇಹ ಇದ್ದರೆ 10, ಇಬ್ಬರಿಗೂ ಇದ್ದರೆ 20. ಒಟ್ಟು 60 ಮುಟ್ಟಿದರೆ ಅಪಾಯ ಹೆಚ್ಚು. ನಿಮ್ಮದನ್ನು ಕೂಡಿ: 20, 10, 30, 10. ಎಪ್ಪತ್ತು. ಶಿಬಿರಕ್ಕೆ ಹೋಗುವ ಮೊದಲೇ, ಮನೆಯ ಜಗಲಿಯಲ್ಲಿ ಕೂತು ಇದನ್ನು ಕಂಡುಕೊಳ್ಳಬಹುದಿತ್ತು. ವಯಸ್ಸು ಮತ್ತು ತಾಯಿ ಕೊಟ್ಟದ್ದು 30. ಅವನ್ನು ಯಾರೂ ಬದಲಿಸಲಾರರು. ಮಿಕ್ಕ 40 ನಿಮ್ಮ ಕೈಯಲ್ಲಿದೆ.

ಆದರೆ ಈ ಲೆಕ್ಕದಲ್ಲಿ ಒಂದು ತೂತಿದೆ. ನಿಮ್ಮ ಹೆಂಡತಿಯ ವಯಸ್ಸಿಗೆ 20. ಹೊಟ್ಟೆ 80ರ ಮೇಲಿದೆ ಎಂದಿಟ್ಟುಕೊಂಡರೆ 10. ಮನೆಗೆಲಸ, ಹಸು, ತೋಟ ಎಂದು ಓಡಾಡುವವರಾದರೆ 20. ತಂದೆ ತಾಯಿಗೆ ಶುಗರ್ ಇಲ್ಲದಿದ್ದರೆ ಒಟ್ಟು 50, ಅಂದರೆ ಮಧ್ಯಮ ಅಪಾಯ. ಬಸುರಿನ ಶುಗರಿಗೆ ಇಲ್ಲಿ ಅಂಕವೇ ಇಲ್ಲ! ಹಾಗೆಯೇ ಪಿಸಿಒಎಸ್ (ಮುಟ್ಟು ಏರುಪೇರಾಗುವ ಹಾರ್ಮೋನ್ ತೊಂದರೆ) ಇರುವ ಹುಡುಗಿಯರು, ಬಿ.ಪಿ. ಇರುವವರು, ಬೀಡಿ ಸಿಗರೇಟು ಸೇದುವವರು, ಮಂಡಿನೋವಿಗೋ ದಮ್ಮಿಗೋ ಸ್ಟೀರಾಯ್ಡ್ ಮಾತ್ರೆಯನ್ನು ಅಂಗಡಿಯಿಂದ ತಾವೇ ತಂದು ತಿಂಗಳುಗಟ್ಟಲೆ ನುಂಗುವವರು, ಇವರೆಲ್ಲರಿಗೂ ಅಪಾಯ ಲೆಕ್ಕಕ್ಕಿಂತ ಹೆಚ್ಚು. ರಾತ್ರಿ ಪಾಳಿ, ಸರಿಯಾಗಿ ನಿದ್ದೆ ಇಲ್ಲದ ಬದುಕೂ ಇದಕ್ಕೆ ತುಪ್ಪ ಸುರಿಯುತ್ತದೆ. ಆದ್ದರಿಂದ ಅಂಕ ಕಡಿಮೆ ಬಂದ ಮಾತ್ರಕ್ಕೆ 30 ದಾಟಿದವರು ಸುಮ್ಮನೆ ಕೂರಬಾರದು. ಸರ್ಕಾರದ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮದಲ್ಲಿ 30 ವರ್ಷ ಮೇಲ್ಪಟ್ಟವರಿಗೆ ಬಿ.ಪಿ., ಶುಗರ್ ತಪಾಸಣೆ ಹಣವಿಲ್ಲದೆ ಆಗುತ್ತದೆ. ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದಾಗ ‘ನಮಗೇನೂ ಇಲ್ಲ ಹೋಗವ್ವ’ ಎಂದು ಕಳಿಸಬೇಡಿ.

ಈಗ ನಿಮ್ಮ ಕೊನೆಯ ಪ್ರಶ್ನೆ, ಬಾರ್ಡರ್ ಕಾಯಿಲೆಯೋ ಅಲ್ಲವೋ. ಹೆಸರು ಏನಾದರೂ ಇರಲಿ, ಸುಮ್ಮನಿದ್ದರೆ ಏನಾಗುತ್ತದೆ ಎಂದು ನೋಡೋಣ. ಚೆನ್ನೈನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಭಾರತೀಯ ಮಧುಮೇಹ ತಡೆ ಅಧ್ಯಯನದಲ್ಲಿ ನಿಮ್ಮಂಥ 531 ಜನರನ್ನು ಮೂರು ವರ್ಷ ಗಮನಿಸಿದರು. ಮಾಮೂಲಿ ಸಲಹೆ ಕೊಟ್ಟು ಬಿಟ್ಟ ಗುಂಪಿನಲ್ಲಿ ಮೂರೇ ವರ್ಷಕ್ಕೆ ಶೇ 55 ಮಂದಿ ಮಧುಮೇಹಿಗಳಾದರು. ನಡಿಗೆ ಮತ್ತು ಊಟದ ಬದಲಾವಣೆಯನ್ನು ಬೆನ್ನು ಬಿಡದೆ ಮಾಡಿಸಿದ ಗುಂಪಿನಲ್ಲಿ ಶೇ 39. ಸಕ್ಕರೆ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆ ಕೊಟ್ಟ ಗುಂಪಿನಲ್ಲಿ ಶೇ 40ರ ಆಸುಪಾಸು. ಎರಡನ್ನೂ ಕೂಡಿಸಿ ಕೊಟ್ಟರೂ ಶೇ 39ರಿಂದ ಕೆಳಗೆ ಇಳಿಯಲಿಲ್ಲ.

ಇದರಲ್ಲಿ ಕಹಿಯೂ ಇದೆ, ಸಿಹಿಯೂ ಇದೆ. ಕಹಿ ಏನೆಂದರೆ, ಹಾಗೆ ಬೆನ್ನು ಬಿಡದೆ ಮಾಡಿಸಿದವರಲ್ಲೂ ನೂರಕ್ಕೆ 39 ಮಂದಿ ಜಾರಿದರು. ‘ಇದನ್ನು ಮಾಡಿ, ಶುಗರ್ ಓಡಿಸಿ’ ಎಂದು ವಾಟ್ಸಾಪಿನಲ್ಲಿ ಬರುವ ಭರವಸೆಯನ್ನು ನಾನು ಕೊಡಲಾರೆ. ಅಮೆರಿಕದಲ್ಲಿ ಇಂಥದ್ದೇ ಅಧ್ಯಯನದಲ್ಲಿ ನಡಿಗೆ-ಪಥ್ಯದಿಂದ ಅಪಾಯ ಶೇ 58 ಇಳಿದಿತ್ತು, ನಮ್ಮಲ್ಲಿ ಇಳಿದದ್ದು ಶೇ 28ರಷ್ಟು. ನಮ್ಮ ಗಾಡಿ ಇಳಿಜಾರಿನಲ್ಲಿ ವೇಗವಾಗಿ ಉರುಳುತ್ತದೆ, ಬ್ರೇಕು ಬೇಗ ಹಾಕಬೇಕು. ಸಿಹಿ ಏನೆಂದರೆ, ಚೆನ್ನೈನವರು ತೂಕ ಇಳಿಸಿಯೇನೂ ಗೆಲ್ಲಲಿಲ್ಲ. ಅವರ ತೂಕ ಹೆಚ್ಚು ಬದಲಾಗಲೇ ಇಲ್ಲ, ಆದರೂ ಮಧುಮೇಹ ಕಡಿಮೆಯಾಯಿತು. 66 ಕೆ.ಜಿ.ಯ ನಿಮಗೆ ಇದು ಮುಖ್ಯ. ಮುಂದಿನ ತಿಂಗಳು ತೂಕದ ಯಂತ್ರ 66 ಎಂದೇ ತೋರಿಸಿದರೆ ಬೇಸರ ಪಟ್ಟುಕೊಂಡು ಬಿಟ್ಟುಬಿಡಬೇಡಿ, ಟೇಪು ಹಿಡಿದು ನೋಡಿ.

ಬಾರ್ಡರ್‌ನಲ್ಲಿ ಇರುವಾಗಲೇ ಹೃದಯ, ರಕ್ತನಾಳಗಳಿಗೆ ಪೆಟ್ಟು ಶುರುವಾಗುತ್ತದೆ, ಕೆಲವರಲ್ಲಿ ಕಣ್ಣಿನ ಪರದೆಗೂ. ಹಾಗಾಗಿ ಬಿ.ಪಿ. ಮತ್ತು ಕೊಲೆಸ್ಟ್ರಾಲ್ ಕೂಡ ನೋಡಿಸಿ. ಅದೇ ಇಂಡಿಯಾಬ್ ಸಮೀಕ್ಷೆಯಲ್ಲಿ ಶೇ 35.5 ವಯಸ್ಕರಿಗೆ ಅಧಿಕ ರಕ್ತದೊತ್ತಡ ಇತ್ತು. ಇವೆರಡೂ ಜೋಡೆತ್ತುಗಳು.

ಇನ್ನು ಊಟ. ಇಲ್ಲಿ ನಾನು ಮಂಡ್ಯದವರ ಕೋಪಕ್ಕೆ ಗುರಿಯಾಗಲು ಸಿದ್ಧನಾಗಿಯೇ ಬರೆಯುತ್ತೇನೆ.

ಬೆಲ್ಲದಿಂದ ಶುರು ಮಾಡೋಣ. ಕನ್ನಂಬಾಡಿ ನೀರು ನಾಲೆಗೆ ಹರಿದು, 1933ರಲ್ಲಿ ಸಕ್ಕರೆ ಕಾರ್ಖಾನೆ ನಿಂತ ಮೇಲೆ ಮಂಡ್ಯ ಸಕ್ಕರೆ ನಾಡಾಯಿತು. ಆಲೆಮನೆಯ ಬಿಸಿ ಬೆಲ್ಲದ ಘಮ ನನಗೂ ಪ್ರಾಣ. ಆದರೆ ಬೆಲ್ಲವೂ ಸಕ್ಕರೆಯೂ ಒಂದೇ ಕಬ್ಬಿನ ಹಾಲು. ಬೆಲ್ಲದಲ್ಲಿ ಚೂರು ಕಬ್ಬಿಣ, ಚೂರು ಖನಿಜ ಹೆಚ್ಚಿರಬಹುದು, ಮಿಕ್ಕದ್ದೆಲ್ಲ ಸಕ್ಕರೆಯೇ. ನಿಮ್ಮ ರಕ್ತಕ್ಕೆ ಬಣ್ಣ ಕಾಣುವುದಿಲ್ಲ. ದಿನಕ್ಕೆ ನಾಲ್ಕು ಕಾಫಿ, ಒಂದೊಂದಕ್ಕೆ ಎರಡು ಚಮಚ ಬೆಲ್ಲ ಎಂದರೆ ಎಂಟು ಚಮಚ. ಆರೋಗ್ಯಕ್ಕೆ ಒಳ್ಳೆಯದು ಎಂಬ ಧೈರ್ಯದಲ್ಲಿ ಸಕ್ಕರೆಗಿಂತ ಒಂದು ಚಮಚ ಹೆಚ್ಚೇ ಹಾಕುವವರನ್ನೂ ನೋಡಿದ್ದೇನೆ. ಮೊದಲ ವಾರ ಅರ್ಧ ಮಾಡಿ, ಮೂರನೇ ವಾರಕ್ಕೆ ಬಿಡಿ. ನಾಲಗೆ ಒಪ್ಪುತ್ತದೆ.

ಮುದ್ದೆ ಸ್ವಲ್ಪ ಸೂಕ್ಷ್ಮದ ವಿಷಯ. ರಾಗಿ ಒಳ್ಳೆಯ ಧಾನ್ಯ, ಅದರಲ್ಲಿ ಎರಡು ಮಾತಿಲ್ಲ. 100 ಗ್ರಾಂ ರಾಗಿಯಲ್ಲಿ 11 ಗ್ರಾಂ ನಾರು, ಅಕ್ಕಿಯಲ್ಲಿ 3 ಗ್ರಾಂ. ರಾಗಿಯ ಸುಣ್ಣದಂಶ 364 ಮಿಲಿಗ್ರಾಂ, ಅಕ್ಕಿ ಅದರ ಹತ್ತಿರಕ್ಕೂ ಸುಳಿಯುವುದಿಲ್ಲ. ಆದರೆ ಪಿಷ್ಟ? ಅಕ್ಕಿಯಲ್ಲಿ 78 ಗ್ರಾಂ, ರಾಗಿಯಲ್ಲಿ 67 ಗ್ರಾಂ. ಅಂಥ ಭಾರೀ ವ್ಯತ್ಯಾಸವೇನಲ್ಲ. ಅಲ್ಲದೆ ನುಣ್ಣಗೆ ಬೀಸಿದ ಹಿಟ್ಟನ್ನು ಚೆನ್ನಾಗಿ ಬೇಯಿಸಿ, ಅಗಿಯದೆ ನುಂಗುತ್ತೇವೆ. ರಾಗಿ ಎಂಬ ಒಂದೇ ಕಾರಣಕ್ಕೆ ಅದು ಶುಗರಿಗೆ ಔಷಧಿ ಆಗುವುದಿಲ್ಲ. 2025ರಲ್ಲಿ ಬಂದ ಇಂಡಿಯಾಬ್ ಆಹಾರ ವಿಶ್ಲೇಷಣೆ ಇದನ್ನೇ ಹೇಳಿತು. ಭಾರತೀಯರ ಶಕ್ತಿಯ ಶೇ 62ರಷ್ಟು ಪಿಷ್ಟ-ಸಕ್ಕರೆಯಿಂದಲೇ ಬರುತ್ತಿದೆ. ಅಕ್ಕಿ ಬಿಟ್ಟು ಗೋಧಿ ಹಿಟ್ಟಿಗೋ ಸಿರಿಧಾನ್ಯದ ಹಿಟ್ಟಿಗೋ ಬದಲಾಯಿಸಿದರೆ ಸಾಲದು, ಒಟ್ಟು ಪ್ರಮಾಣವೇ ಇಳಿದು ಆ ಜಾಗಕ್ಕೆ ಬೇಳೆಕಾಳು, ಹಾಲು-ಮೊಸರಿನ ಪ್ರೊಟೀನ್ ಬಂದರೆ ಅಪಾಯ ಇಳಿಯುತ್ತದೆ.

ನಮ್ಮ ತಟ್ಟೆಯ ಕೆಡುಕು ಮುದ್ದೆಗಿಂತ ಮುದ್ದೆಯ ಮೇಲೆ ಬರುವ ಅನ್ನದಲ್ಲಿದೆ. ಎರಡು ಮುದ್ದೆ ಆದಮೇಲೆ ‘ಮಜ್ಜಿಗೆಗೆ ಒಸಿ ಅನ್ನ’ ಇಲ್ಲದೆ ಊಟ ಮುಗಿಯುವುದಿಲ್ಲ. ಹಿಂದೆ ಅನ್ನ ಹಬ್ಬಕ್ಕೋ ನೆಂಟರು ಬಂದಾಗಲೋ. ನಾಲೆ ನೀರು ಬಂದು ಭತ್ತ ಬೆಳೆದ ಮೇಲೆ, ಪಡಿತರದ ಅಕ್ಕಿ ಬಂದ ಮೇಲೆ, ದಿನಾ ಎರಡೂ. ಒಂದೋ ಮುದ್ದೆ, ಒಂದೋ ಅನ್ನ. ಮುದ್ದೆಯಾದರೆ ಒಂದು, ನಿಮ್ಮ ಅಂಗೈಯಲ್ಲಿ ಹಿಡಿಯುವಷ್ಟು, ತೆಂಗಿನಕಾಯಿ ಗಾತ್ರದ್ದಲ್ಲ.

ಹೊಟ್ಟೆ ತುಂಬುವುದು ಹೇಗೆ ಅಂತೀರಾ? ಬಸ್ಸಾರು ಮಾಡುವ ಮನೆಗೆ ಈ ಚಿಂತೆಯೇ ಬೇಡ. ಸೊಪ್ಪು, ಕಾಳು ಬೇಯಿಸಿ, ನೀರು ಬಸಿದು ಸಾರು ಮಾಡಿ, ಬಸಿದು ಉಳಿದದ್ದಕ್ಕೆ ಒಗ್ಗರಣೆ ಹಾಕಿ ಪಲ್ಯ ಮಾಡುತ್ತಾರಲ್ಲ, ಆ ಪಲ್ಯವನ್ನು ನಾವು ತಟ್ಟೆಯ ಮೂಲೆಗೆ ಚಿಟಿಕೆ ಹಾಕಿಕೊಳ್ಳುತ್ತೇವೆ. ಅದನ್ನು ತಿರುಗಿಸಿ. ಅರ್ಧ ತಟ್ಟೆ ಪಲ್ಯ, ಮೂಲೆಗೆ ಮುದ್ದೆ. ಹುರುಳಿಯಲ್ಲಿ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೊಟೀನ್ ಇದೆ. ಹುರುಳಿ ಸಾರಿನ ತಿಳಿ ಕುಡಿದು ಕಾಳನ್ನು ದನಕ್ಕೆ ಹಾಕುವ ಮನೆಗಳಿವೆ, ದನಗಳು ಮಾತ್ರ ಗಟ್ಟಿಯಾಗಿವೆ. ಅವರೆಕಾಯಿ ಕಾಲದಲ್ಲಿ ಅವರೆ, ಮಿಕ್ಕಂತೆ ಅಲಸಂದೆ, ಹೆಸರುಕಾಳು, ಮೊಟ್ಟೆ, ಮೀನು, ನಾಟಿ ಕೋಳಿ. ಬೀಗರೂಟಕ್ಕೆ ಹೋದರೆ ಬಾಡು ತಿನ್ನಿ, ಬೇಡ ಅನ್ನುವುದಿಲ್ಲ. ಮುದ್ದೆ, ಬಿರಿಯಾನಿ, ಅನ್ನ ಮೂರನ್ನೂ ಒಂದೇ ಎಲೆಯಲ್ಲಿ ಮುಗಿಸಬೇಡಿ. ಮದ್ದೂರು ವಡೆಯ ಬಗ್ಗೆ ಏನೂ ಹೇಳುವುದಿಲ್ಲ, ದಿನಾ ಆ ಸ್ಟೇಷನ್ನಿನಲ್ಲಿ ರೈಲು ಹತ್ತುವವರು ನೀವು, ನಿಮಗೇ ಗೊತ್ತು.

ನಡಿಗೆಗೆ ಸಮಯವಿಲ್ಲ ಎಂದು ನೀವು ಬರೆದಿಲ್ಲ, ಆದರೆ ಬರೆಯುತ್ತೀರಿ. ವಾರಕ್ಕೆ 150 ನಿಮಿಷ ಸಾಕು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಿಗ್ಗೆ ನಡೆಯುವವರ ಸಾಲು ನೋಡಿ ಅದೆಲ್ಲ ಮೈಸೂರಿನವರ ಶೋಕಿ ಅನ್ನಿಸಬಹುದು. ಮೈಸೂರು ಸ್ಟೇಷನ್ನಿನಿಂದ ಕಚೇರಿಗೆ ಆಟೋ ಬಿಟ್ಟು ಬಿರುಸಾಗಿ ನಡೆಯಿರಿ, ಸಂಜೆಯೂ ಹಾಗೇ. ಹೋಗಿ ಬಂದು ಅರ್ಧ ಗಂಟೆ ಆದರೆ ವಾರದ ಐದು ದಿನಕ್ಕೆ ಲೆಕ್ಕ ಮುಗಿಯಿತು, ಆಟೋ ಕಾಸೂ ಉಳಿಯಿತು. ರಾತ್ರಿ ಉಂಡ ಮೇಲೆ ಟಿ.ವಿ. ಮುಂದೆ ಕೂರುವ ಮೊದಲು ಬೀದಿಯಲ್ಲಿ ಹತ್ತು-ಹದಿನೈದು ನಿಮಿಷ ಓಡಾಡಿ. ಉಂಡದ್ದು ರಕ್ತಕ್ಕೆ ಇಳಿಯುವ ಹೊತ್ತಿನಲ್ಲಿ ನಡೆದರೆ, ಕಾಲಿನ ಸ್ನಾಯುಗಳು ಇನ್ಸುಲಿನ್ನಿನ ಹಂಗಿಲ್ಲದೆಯೇ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ವಾರದಲ್ಲಿ ಎರಡು ದಿನ ಸ್ನಾಯು ಬೆಳೆಸುವ ಕೆಲಸವೂ ಬೇಕು. ಜಿಮ್ಮೇ ಆಗಬೇಕೆಂದಿಲ್ಲ. ಭಾನುವಾರ ತೋಟದಲ್ಲಿ ಗುದ್ದಲಿ ಹಿಡಿದರೆ ಆದೀತು.

ಮಾತ್ರೆ ಬೇಕೇ? ಈಗಲೇ ಬೇಡ ಎಂಬುದು ನನ್ನ ಅಭಿಪ್ರಾಯ. ಮೂರರಿಂದ ಆರು ತಿಂಗಳು ಇದನ್ನು ನಿಯತ್ತಾಗಿ ಮಾಡಿ ಮತ್ತೆ ರಕ್ತ ನೋಡಿಸಿ. ಆಗಲೂ ಏರುತ್ತಿದ್ದರೆ ನಿಮ್ಮ ವೈದ್ಯರು ಮೆಟ್‌ಫಾರ್ಮಿನ್ ಯೋಚಿಸಬಹುದು.

ಉಳಿದದ್ದು ಒಂದು ಪರೀಕ್ಷೆ, ಇಬ್ಬರಿಗೂ. ನಮ್ಮ ಲ್ಯಾಬುಗಳಲ್ಲಿ ‘ತಿಂದ ಮೇಲೆ’ ಎಂದು ಇಡ್ಲಿ ತಿನ್ನಿಸಿ ರಕ್ತ ತೆಗೆಯುತ್ತಾರೆ. ಒಬ್ಬರು ಎರಡು ಇಡ್ಲಿ, ಇನ್ನೊಬ್ಬರು ಮಸಾಲೆ ದೋಸೆ. ಅದನ್ನು ಹೇಗೆ ಹೋಲಿಸುವುದು? 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗೆ ನೋಡುವ ಪರೀಕ್ಷೆಯನ್ನೇ ಕೇಳಿ ಮಾಡಿಸಿ. 140ರ ಕೆಳಗೆ ಸರಿ, 140ರಿಂದ 199 ಮಧುಮೇಹಪೂರ್ವ, 200 ಮುಟ್ಟಿದರೆ ಮಧುಮೇಹ. ಖಾಲಿ ಹೊಟ್ಟೆಯಲ್ಲಿ ಚೆನ್ನಾಗಿದ್ದು ಇದರಲ್ಲಿ ಸಿಕ್ಕಿಬೀಳುವವರು ನಮ್ಮಲ್ಲಿ ಬಹಳ ಮಂದಿ. ನಿಮ್ಮ ಹೆಂಡತಿಗೆ ಎಚ್‌ಬಿಎ1ಸಿ ಒಂದನ್ನೇ ನಂಬಬೇಡಿ. ರಕ್ತಹೀನತೆ ಇದ್ದರೆ ಆ ಅಂಕಿ ಹೆಚ್ಚೂ ಕಡಿಮೆ ಆಗುತ್ತದೆ, ಜೊತೆಗೆ ಹಿಮೋಗ್ಲೋಬಿನ್ ಕೂಡ ನೋಡಿಸಿ. ಇಬ್ಬರೂ ಒಂದೇ ಬೆಳಿಗ್ಗೆ ಹೋಗಿ, ಇಲ್ಲದಿದ್ದರೆ ಅವರದು ಮುಂದಿನ ತಿಂಗಳು, ಹಬ್ಬ ಕಳೆದ ಮೇಲೆ ಎಂದು ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಹಿಂದಿನ ಮೂರು ದಿನ ಪಥ್ಯ ಮಾಡದೆ ಎಂದಿನಂತೆ ಉಣ್ಣಿ, ರಾತ್ರಿ ಊಟದ ಮೇಲೆ ಕನಿಷ್ಠ ಎಂಟು ಗಂಟೆ ನೀರು ಬಿಟ್ಟು ಏನೂ ಬೇಡ. ಗ್ಲೂಕೋಸ್ ಕುಡಿದ ಮೇಲಿನ ಎರಡು ಗಂಟೆ ಅಲ್ಲೇ ಕೂತಿರಿ, ‘ಸುಮ್ನೆ ಕೂತು ಬೇಜಾರಾಯ್ತು’ ಎಂದು ಇಬ್ಬರೂ ಕಾಫಿಗೆ ಹೊರಗೆ ಹೋಗಿಬಿಡಬೇಡಿ.